ನೆರಳುಮನೆಯಲ್ಲಿ ಎರಡು ಉಂಗುರ

ನಮ್ಮೂರಲ್ಲಿ ಒಬ್ಬರು ಹಾಕಿದ ಗಂಟನ್ನು ಇನ್ನೊಬ್ಬರು ಬಿಚ್ಚಲಾಗುವುದಿಲ್ಲ. ಎಳೆದರೆ ಬಿಗಿಯುತ್ತದೆ, ಹಲ್ಲು ಹಾಕಿದರೆ ಹಲ್ಲು ನೋಯುತ್ತದೆ, ಕತ್ತರಿ ಹಿಡಿದರೆ ಎಣ್ಣೆ ಸವರಿದ ಹಾಗೆ ಬಟ್ಟೆಯ ಮೇಲೆ ಜಾರುತ್ತದೆ. ಹೊರಗಿನಿಂದ ಬಂದವರು ಇದನ್ನು ಕೇಳಿ ನಗುತ್ತಾರೆ. ಆಮೇಲೊಂದು ದಿನ ಯಾರದೋ ಅಕ್ಕಿಮೂಟೆಯ ಮುಂದೆ ಬೆವರು ಸುರಿಸುತ್ತಾ ಕೂತಿರುತ್ತಾರೆ. ನಮಗೆ ಅಭ್ಯಾಸವಾಗಿದೆ. ನಮ್ಮ ಕೊಟ್ಟಿಗೆಗಳಲ್ಲಿ ದನಕ್ಕೆ ಹಗ್ಗವಿಲ್ಲ, ಕೊಕ್ಕೆಯ ಸರಪಳಿ. ಮಕ್ಕಳ ಲಂಗಕ್ಕೆ ಲಾಡಿಯಿಲ್ಲ, ಗುಂಡಿ. ಹೂವಾಡಗಿತ್ತಿ ಹೂ ಕಟ್ಟುವುದಿಲ್ಲ, ಸೂಜಿಯಲ್ಲಿ ಪೋಣಿಸುತ್ತಾಳೆ. ಮದುವೆಯಲ್ಲಿ ತಾಳಿ ಕಟ್ಟುವ ಪದ್ಧತಿಯೂ ಇಲ್ಲ. ಗಂಡನೊಬ್ಬನೇ ಬಿಚ್ಚಬಹುದಾದ ಗಂಟಿಗೆ ನಾವು ಕುತ್ತಿಗೆ ಕೊಡುವುದಿಲ್ಲ ಎಂದು ಯಾವ ಕಾಲದಲ್ಲೋ ನಮ್ಮ ಹೆಂಗಸರು ಹಟ ಹಿಡಿದರಂತೆ. ಅದರ ಬದಲು ಅಕ್ಕಸಾಲಿಗ ಗಂಡಿನದೊಂದು ದೊಡ್ಡ ಉಂಗುರ, ಹೆಣ್ಣಿನದೊಂದು ಸಣ್ಣ ಉಂಗುರ ತೆಗೆದುಕೊಂಡು ಒಂದರೊಳಗೊಂದು ಹಾಯಿಸಿ ಬೆಸೆದು ಕೊಡುತ್ತಾನೆ. ಅದಕ್ಕೆ ಕೊಂಡಿಯುಂಗುರ ಅನ್ನುತ್ತೇವೆ. ಯಾರೂ ಅದನ್ನು ತೊಡುವುದಿಲ್ಲ, ಮನೆಯ ಅಕ್ಕಿ ಡಬ್ಬಿಯಲ್ಲಿ ಬಿದ್ದಿರುತ್ತದೆ. ಒಂದು ಮನೆಗೆ ಒಂದೇ ಕೊಂಡಿ.

ಊರಬಾಗಿಲಿಗೆ ಅಂಟಿಕೊಂಡೇ ನೆರಳುಮನೆ ಇದೆ. ಊರೊಳಗೆ ಬರುವ, ಊರಿಂದ ಹೋಗುವ ಗಂಟುಮೂಟೆಯನ್ನೆಲ್ಲ ಅಲ್ಲಿ ತೋರಿಸಿಯೇ ದಾಟಬೇಕು. ಕಾವಲಿನವನು ಬಿಚ್ಚಿ ನೋಡೋಣವೆಂದರೆ ಆಗುವುದಿಲ್ಲ. ಹೊತ್ತು ತಂದವನೇ ಬಿಚ್ಚಲಿ ಎಂದರೆ ಕಟ್ಟಿಕೊಟ್ಟವಳು ಅವನ ಹೆಂಡತಿ, ಅವಳು ಎಲ್ಲೋ ಊರಾಚೆ. ಹೀಗಾಗಿ ಎಕ್ಸ್‌ರೇ. ಹಲಗೆಯ ಮೇಲೆ ಗಂಟು ಇಟ್ಟು ಕೆಳಗಿನ ದೀಪ ಹಾಕಿದರೆ ಮೇಲಿನ ಹಸಿರು ಗಾಜಿನಲ್ಲಿ ಒಳಗಿನದರ ನೆರಳು ಬೀಳುತ್ತದೆ. ಮದ್ದುಗುಂಡು, ಕತ್ತಿ ಇಂಥವು ಒಳಗೆ ಹೋಗಬಾರದೆಂದು ನೋಡುವುದು. ಕಾಣುವುದು ಹೆಚ್ಚಾಗಿ ಲೋಟ, ಬೀಗದಕೈ, ಎಲೆಯಡಿಕೆ ಡಬ್ಬಿ. ಒಮ್ಮೆ ಒಬ್ಬ ಅಜ್ಜಿಯ ಗಂಟಿನೊಳಗೆ ಆಮೆಯೊಂದು ಅತ್ತಿಂದಿತ್ತ ನಡೆದಾಡುತ್ತಿತ್ತು. “ಮೊಮ್ಮಗಂಗೆ ಆಡೋಕೆ ಕಣ್ರಪ್ಪ, ಅದೇನು ಬಾಂಬಾ?” ಎಂದು ಅಜ್ಜಿ ಕಾವಲಿನವನನ್ನೇ ಗದರಿಸಿ ಒಳಗೆ ಹೋದಳು.

ಸತ್ತವರ ಗಂಟುಗಳನ್ನೂ ನಮ್ಮಲ್ಲಿಗೆ ತರುತ್ತಾರೆ. ಕಟ್ಟಿದ ಕೈ ಹೋಯಿತೆಂದರೆ ಗಂಟು ಹಾಗೆಯೇ ಉಳಿಯುತ್ತದಲ್ಲ, ಒಳಗೆ ಏನಿದೆಯೆಂದು ಮನೆಯವರಿಗೆ ಒಮ್ಮೆ ನೋಡಬೇಕೆನಿಸುತ್ತದೆ. ನೋಡಿ ಹೇಳುವವಳು ನನ್ನ ದೊಡ್ಡಮ್ಮ, ದುಗ್ಗಮ್ಮ. ಅವಳು ‘ಇದು ಬಾಚಣಿಗೆ’ ಎಂದರೆ ಬಾಚಣಿಗೆ, ‘ಇದು ಬಳೆ’ ಎಂದರೆ ಬಳೆ. ಎಳೆವಯಸ್ಸಿನಲ್ಲಿ ಸಿಡುಬು ಬಂದು ಅವಳ ಎಡಗಣ್ಣು ಹೋಗಿತ್ತು. ಅದನ್ನು ಊರು ಎಂದೋ ಮರೆತಿತ್ತು. ನೆರಳು ನೋಡುವುದಕ್ಕೆ ಒಂದು ಕಣ್ಣು ಸಾಕಾಗಿಯೂ ಇತ್ತು.

ನಾನು ಅವಳ ಜೊತೆಗೆ ಸೇರಿದ್ದು ಶಾಲೆ ಬಿಟ್ಟ ಮೇಲೆ. ಅಕ್ಷರವೆಲ್ಲ ಗೊತ್ತಿದ್ದರೂ ಎದ್ದು ನಿಂತು ಓದು ಎಂದರೆ ನನಗೆ ಬಾಯಿ ಬರುತ್ತಿರಲಿಲ್ಲ. ಹುಡುಗರು ನಗುತ್ತಿದ್ದರು, ಮೇಷ್ಟರು ಕಾಯುತ್ತಿದ್ದರು, ಅವರು ಕಾಯುವುದೇ ನನಗೆ ಹೆಚ್ಚು ಕಷ್ಟವಾಗುತ್ತಿತ್ತು. ನೆರಳುಮನೆಯಲ್ಲಿ ದಪ್ಪ ಪರದೆಯ ಹಿಂದೆ ಕತ್ತಲೆ. ಅಲ್ಲಿ ಯಾರೂ ನನ್ನನ್ನು ನೋಡುವುದಿಲ್ಲ, ನಾನು ಎಲ್ಲವನ್ನೂ ನೋಡುತ್ತೇನೆ. ಗಂಟನ್ನು ಹಲಗೆಯ ಮೇಲಿಡುವುದು, ದೀಪ ಹಾಕುವುದು, ಆರಿಸುವುದು ನನ್ನ ಕೆಲಸ. ದೊಡ್ಡಮ್ಮ ಮೊದಲ ದಿನವೇ ಹೇಳಿದ್ದಳು: “ಹಲಗೆ ಮೇಲೆ ಇಟ್ಟ ಮೇಲೆ ಅಲುಗಿಸಬ್ಯಾಡ ಸಾಕಿ. ಉಸಿರು ಕೂಡ ಮೆಲ್ಲಗೆ ಬಿಡು. ನೆರಳು ಅಲುಗಾಡಿದ್ರೆ ನನಗೇನೂ ಓದಾಕಾಗಲ್ಲ.” ಆ ಮನೆಯ ಶಾಸ್ತ್ರವೆಂದರೆ ಅದೊಂದೇ. ಕಾವಲಿನವನು ಕೂಡ ದೀಪ ಉರಿಯುವಾಗ ಹೊರಗೆ ಹೆಜ್ಜೆ ಎತ್ತಿಡುತ್ತಿರಲಿಲ್ಲ.

ಹೋದ ವರ್ಷ ಪಂಚಾಯ್ತಿಯವರು ಖಾದರ್ ಸಾಬರನ್ನು ಕರೆಸಿದರು. ಅವರು ಯಂತ್ರ ಕಟ್ಟುವವರು, ನಿಧಾನದ ಮನುಷ್ಯ. ಹಳೆಯ ದೀಪದ ಪಕ್ಕದಲ್ಲಿ ಇನ್ನೊಂದು ದೀಪ ಕೂರಿಸಿ, ಗಾಜಿನ ಮೇಲೆ ಎರಡು ತೂತಿನ ಒಂದು ಮರದ ಪೆಟ್ಟಿಗೆ ಇಟ್ಟರು. ಎಡಗಣ್ಣಿಗೆ ಒಂದು ದೀಪದ ನೆರಳು, ಬಲಗಣ್ಣಿಗೆ ಇನ್ನೊಂದರದು. “ಇಷ್ಟು ದಿನ ನೆರಳು ಗೋಡೆ ಮೇಲಿನ ಚಿತ್ರದಂಗಿತ್ತು ದುಗ್ಗಮ್ಮಾರೆ. ಈಗ ನೋಡಿ, ಬಾವಿ ಒಳಗೆ ಬಗ್ಗಿ ನೋಡಿದಂಗೆ ಕಾಣ್ತದೆ. ಯಾವುದು ಮೇಲಿದೆ, ಯಾವುದು ತಳದಲ್ಲಿದೆ, ಎಲ್ಲಾ ಗೊತ್ತಾಗ್ತದೆ,” ಎಂದರು. ದೊಡ್ಡಮ್ಮ ಪೆಟ್ಟಿಗೆಗೆ ಮುಖ ಒತ್ತಿ ಬಹಳ ಹೊತ್ತು ನೋಡಿದಳು. “ಅದೇ ನೆರಳು ಕಣ್ರೀ ಸಾಬ್ರೆ. ಬಾವೀನೂ ಇಲ್ಲ, ಹಗ್ಗಾನೂ ಇಲ್ಲ,” ಎಂದಳು. ಸಾಬರು ತಲೆ ಕೆರೆದುಕೊಂಡು ದೀಪವನ್ನು ಕೊಂಚ ಸರಿಸಿದರು, ತಿರುಪು ತಿರುಗಿಸಿದರು. ಅವಳು ಮತ್ತೆ ನೋಡಿ ಅದನ್ನೇ ಹೇಳಿದಳು. ಅವರು ಹೋದ ಮೇಲೆ ನಾನು ನೋಡಿದೆ. ನನ್ನ ಕಾಲ ಕೆಳಗಿನ ನೆಲ ಬಿಟ್ಟುಕೊಂಡಂತಾಯಿತು. ಯಾರದೋ ಗಂಟಿನ ಲೋಟ ನನ್ನ ಮೂಗಿಗೆ ತಾಗುವಷ್ಟು ಮೇಲೆ ಬಂದು ನಿಂತಿತ್ತು. ಅದರ ಕೆಳಗೆ, ಎಷ್ಟೋ ಕೆಳಗೆ, ಒಂದು ಸೌಟು ಮಲಗಿತ್ತು. ಒಂದು ಕಣ್ಣು ಮುಚ್ಚಿದೆ. ಎಲ್ಲವೂ ಒಂದರ ಮೇಲೊಂದು ಬಿದ್ದು ಚಪ್ಪಟೆಯಾಯಿತು. ಆಗ ನನಗೆ ಗೊತ್ತಾಯಿತು. ಹೇಳಲು ಮಾತ್ರ ಬಾಯಿ ಬರಲಿಲ್ಲ. ದೊಡ್ಡಮ್ಮ ಪೆಟ್ಟಿಗೆಯನ್ನು ಗಾಜಿನಿಂದ ಪಕ್ಕಕ್ಕೆ ಸರಿಸಿ ಅದರ ಮೇಲೆ ಕಾಫಿ ಲೋಟ ಇಡಲು ಶುರುಮಾಡಿದಳು.

ಚಿಕ್ಕತಾಯಮ್ಮ ಬಂದದ್ದು ಬೆಳೆ ಕೊಯ್ಲೆಲ್ಲ ಮುಗಿದು ಗಾಳಿ ಒಣಗಿದ ಕಾಲದಲ್ಲಿ. ಅವಳ ಗಂಡ ಓಬಳಯ್ಯ ಛತ್ರಿ ರಿಪೇರಿಯವನು. ವರ್ಷದ ಅರ್ಧ ಭಾಗ ಊರೂರು ತಿರುಗುತ್ತಾನೆ, ಮಳೆ ನಿಂತ ಮೇಲೆ ಮನೆಗೆ ಬರುತ್ತಾನೆ. ಈ ಸಲ ಬಂದಾಗಲೂ ಊರಬಾಗಿಲಲ್ಲಿ ಕತ್ತಿ, ಮದ್ದುಗುಂಡು ಇಲ್ಲವೆಂದಷ್ಟೇ ನೋಡಿ ಬಿಟ್ಟಿದ್ದೆವು. ಮನೆ ಸೇರಿ, ತಾನೇ ಕಟ್ಟಿದ ಗಂಟನ್ನು ಗೂಡಿನಲ್ಲಿಟ್ಟು, ಕಾಲು ತೊಳೆಯಲು ಬಚ್ಚಲಿಗೆ ಹೋದವನು ಅಲ್ಲೇ ಬಿದ್ದ. ಲಕ್ವ. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಗಂಟಿನ ಮೇಲೆ ಅವನ ಬೆರಳು ಹಿಡಿದಿಟ್ಟು ನೋಡಿದರು, ಎಡಗೈಯೊಂದಕ್ಕೇ ಬಿಚ್ಚಲಾಗಲಿಲ್ಲ. ಚಿಕ್ಕತಾಯಮ್ಮ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಾಗ ಅವಳ ಕೈಗೆಲ್ಲ ಅವನಿಗೆ ತಿಕ್ಕಿದ ಎಣ್ಣೆಯ ವಾಸನೆ ಇತ್ತು.

“ದಿನಾ ಈ ಗಂಟಿನ ಕಡೇನೇ ನೋಡ್ತಾರೆ ದುಗ್ಗಕ್ಕ. ‘ಆ... ಆ...’ ಅಂತಾರೆ. ಒಳಗೇನೋ ಬೇಕಾಗಿರಬೌದು. ಏನೈತೆ ಅಂತ ಹೇಳು, ಅಂಥದ್ದೇ ಬೇರೆ ತಂದ್ಕೊಡ್ತೀನಿ,” ಎಂದಳು.

ನಾನು ದೀಪ ಹಾಕಿದೆ. ದೊಡ್ಡಮ್ಮ ಗಾಜಿನ ಮೇಲೆ ಬಗ್ಗಿದಳು. “ಛತ್ರಿ ಕಡ್ಡಿ, ಕಡ್ಡಿ, ಇನ್ನೂ ಕಡ್ಡಿ. ಇದೇನವ್ವ, ಮೀನು ತಿಂದ ತಟ್ಟೆ ಇದ್ದಂಗೈತೆ. ಇಕ್ಕಳ. ತಂತಿ ಸುರುಳಿ. ಎರಡು ಹಿಡಿ...” ಚಿಕ್ಕತಾಯಮ್ಮ ನಗುತ್ತಿದ್ದಳು. ದೊಡ್ಡಮ್ಮ ಗಾಜಿಗೆ ಇನ್ನಷ್ಟು ಬಗ್ಗಿದಳು. ಆಮೇಲೆ ಬೇರೆ ದನಿಯಲ್ಲಿ ಕೇಳಿದಳು: “ನಿಮ್ಮನೆ ಕೊಂಡಿ ಎಲ್ಲೈತೆ ತಾಯಿ?”

“ಅಕ್ಕಿ ಡಬ್ಬೀಲಿ. ಇನ್ನೆಲ್ಲಿರ್ತದೆ?”

“ಇವತ್ತು ನೋಡಿದ್ಯಾ?”

“ಬೆಳಿಗ್ಗೆ ಅಕ್ಕಿ ತೆಗೆಯೋವಾಗ ಕೈಗೆ ತಗುಲ್ತು. ಯಾಕೆ ದುಗ್ಗಕ್ಕ?”

“ಇಲ್ಲೊಂದೈತೆ.”

ಚಿಕ್ಕತಾಯಮ್ಮ ಪರದೆ ಸರಿಸಿ ಒಳಗೆ ಬಂದಳು. ನಾನು ಗೋಡೆಗೆ ಒತ್ತಿಕೊಂಡು ನಿಂತೆ. ಹಸಿರು ಗಾಜಿನಲ್ಲಿ ಕಡ್ಡಿಗಳ ನಡುವೆ ಒಂದು ದೊಡ್ಡ ಉಂಗುರ, ಅದರ ಅಂಚಿಗೆ ಅಡ್ಡ ಹಾಯ್ದು ಒಂದು ಸಣ್ಣ ಉಂಗುರ. ಚಿನ್ನದ ನೆರಳು ಕಬ್ಬಿಣದ್ದಕ್ಕಿಂತ ದಟ್ಟ, ನನಗೂ ಗುರುತು ಸಿಗುತ್ತದೆ. ಅವಳು ಅದರ ಮೇಲೆ ಬೆರಳಿಟ್ಟಳು. “ಬೆಸೆದೈತಾ?” ಎಂದಳು. “ಒಂದರೊಳಗೊಂದು ಹೋಗೈತೆ ಕಣವ್ವ. ನಾನೇನು ಮಾಡ್ಲಿ, ಕಂಡದ್ದು ಹೇಳ್ಬೇಕು,” ಎಂದಳು ದೊಡ್ಡಮ್ಮ. ಚಿಕ್ಕತಾಯಮ್ಮ ಅಳಲಿಲ್ಲ. ಸೆರಗಿನಿಂದ ಕೈಯ ಎಣ್ಣೆ ಒರೆಸಿಕೊಂಡಳು, ಒಂದೊಂದೇ ಬೆರಳು. “ಈ ಗಂಟು ಇಲ್ಲೇ ಇರ್ಲಿ. ನನ್ನ ಮನೇಗೆ ತಗೊಂಡೋಗಲ್ಲ,” ಎಂದು ಹೊರಟುಬಿಟ್ಟಳು.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. “ಛತ್ರಿ ರಿಪೇರಿಗೆ ಹೋದೋನು ಇನ್ನೊಂದು ಸೂರು ಮಾಡ್ಕೊಂಡು ಬಂದವ್ನೆ,” ಎಂದು ನಲ್ಲಿಯ ಹತ್ತಿರ ಹೆಂಗಸರು ನಕ್ಕರು. ಚಿಕ್ಕತಾಯಮ್ಮ ತಮ್ಮನಿಗೆ ಹೇಳಿಕಳಿಸಿದ್ದಾಳೆ, ಗಂಡನನ್ನು ಬಾಗಿಲಾಚೆಯ ಧರ್ಮಛತ್ರದಲ್ಲಿ ಬಿಟ್ಟು ತವರಿಗೆ ಹೋಗುತ್ತಾಳೆ ಎಂದರು. ಧರ್ಮಛತ್ರವೆಂದರೆ ನಾಲ್ಕು ಕಂಬದ ಮೇಲೊಂದು ಮಾಡು. ದಾರಿಹೋಕರು ಮಲಗೆದ್ದು ಹೋಗುತ್ತಾರೆ. ಮಗ್ಗುಲು ಬದಲಿಸಲಾಗದ ಮನುಷ್ಯನನ್ನು ಅಲ್ಲಿ ನೋಡಿಕೊಳ್ಳುವವರು ಯಾರು? ಅದನ್ನು ಯಾರೂ ಕೇಳಲಿಲ್ಲ. ಎರಡು ಕೊಂಡಿಯವನಿಗೆ ಮಾಡುವುದೇ ಹಾಗೆ.

ಮರುದಿನ ಮಧ್ಯಾಹ್ನ ದೊಡ್ಡಮ್ಮ ಬೆಂಚಿನ ಮೇಲೆ ಮಲಗಿದ್ದಾಗ ನಾನು ಪೆಟ್ಟಿಗೆಯ ಮೇಲಿನ ಲೋಟ ಕೆಳಗಿಟ್ಟು, ಪೆಟ್ಟಿಗೆಯನ್ನು ಮತ್ತೆ ಗಾಜಿನ ಮೇಲೆ ಕೂರಿಸಿ, ಓಬಳಯ್ಯನ ಗಂಟನ್ನು ಹಲಗೆಗೆ ಎತ್ತಿ, ಎರಡು ದೀಪವನ್ನೂ ಹಾಕಿದೆ. ಕಡ್ಡಿಗಳೆಲ್ಲ ಎದ್ದು ನಿಂತವು. ಎಲೆ ಉದುರಿದ ಗಿಡಗಳ ನಡುವೆ ಇಳಿದುಹೋದ ಹಾಗೆ. ಸಣ್ಣ ಉಂಗುರ ಮೇಲೆಯೇ ಇತ್ತು, ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿದಂತೆ. ದೊಡ್ಡದು ತಳದಲ್ಲಿ, ಇಕ್ಕಳದ ಪಕ್ಕ. ನಡುವೆ ಎಷ್ಟೊಂದು ಜಾಗ. ಕೈ ಹಾಕಬಹುದು ಅನ್ನಿಸುವಷ್ಟು. ಒಂದನ್ನೊಂದು ಅವು ಮುಟ್ಟಿಯೇ ಇರಲಿಲ್ಲ.

“ಏನೇ ನೋಡ್ತಾ ಇದ್ದೀಯ?” ದೊಡ್ಡಮ್ಮ ಎದ್ದು ಕೂತಿದ್ದಳು.

“ಏನಿಲ್ಲ ದೊಡ್ಡಮ್ಮ.”

ಶಾಲೆಯಲ್ಲಿ ಆಗುತ್ತಿದ್ದ ಹಾಗೆಯೇ ಆಯಿತು. ಬರೀ ನಾಚಿಕೆಯಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ನೀನು ಹೇಳಿದ್ದು ತಪ್ಪು ಎಂದರೆ ಯಾಕೆ ತಪ್ಪಾಯಿತು ಎಂದೂ ಹೇಳಬೇಕು. ಸಾಬರ ಪೆಟ್ಟಿಗೆಗೆ ಎರಡು ಕಣ್ಣು ಬೇಕು, ನಿನಗಿರುವುದು ಒಂದು ಎನ್ನಬೇಕು. ಅದು ಪಂಚಾಯ್ತಿಯವರ ಕಿವಿಗೆ ಬಿದ್ದರೆ ಗಾಜಿನ ಮುಂದಿನ ಪೀಠದಿಂದ ಅವಳನ್ನು ಏಳಿಸುತ್ತಾರೆ. ಆ ಪೀಠ ಬಿಟ್ಟರೆ ದೊಡ್ಡಮ್ಮನಿಗೆ ಬೇರೆ ಏನೂ ಇಲ್ಲ. ನನಗೂ ಅವಳನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಅತ್ತ ಓಬಳಯ್ಯನಿಗೆ ಹೇಳಿಕೊಳ್ಳಲು ಬಾಯಿಯೇ ಇಲ್ಲ. ಬಾಯಿಯಿದ್ದೂ ಮಾತು ಹೊರಡದಿದ್ದರೆ ಹೇಗಿರುತ್ತದೆಂದು ನನಗೆ ಗೊತ್ತು. ಆ ದಿನವೆಲ್ಲ ಅವನ ‘ಆ... ಆ...’ ನನ್ನ ಕಿವಿಯಲ್ಲೇ ಇತ್ತು.

ಮಾರನೆಯ ಬೆಳಿಗ್ಗೆ ದೊಡ್ಡಮ್ಮ ಕಾಫಿ ಬಗ್ಗಿಸುವುದನ್ನು ನೋಡುತ್ತಾ ಕೂತಿದ್ದೆ. ದಿನವೂ ನೋಡಿದ್ದೆ, ಅಂದು ಕಂಡಿತು. ಬಗ್ಗಿಸುವ ಮುಂಚೆ ಅವಳು ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸುತ್ತಾಳೆ, ಕಾಳು ಕುಕ್ಕುವ ಮೊದಲು ಕೋಳಿ ಮಾಡುವ ಹಾಗೆ. ಆಮೇಲೆ ಒಂದು ತೊಟ್ಟೂ ಚೆಲ್ಲದೆ ಲೋಟದ ನಡುವಿಗೇ ಬಗ್ಗಿಸುತ್ತಾಳೆ. ನಾನೂ ಒಂದು ಕಣ್ಣು ಮುಚ್ಚಿಕೊಂಡು ತಲೆ ವಾಲಿಸಿದೆ. ಹತ್ತಿರದ ಲೋಟ ಸರಕ್ಕನೆ ಸರಿಯಿತು, ಹಿಂದಿನ ಕಿಟಕಿಯ ಸರಳು ಇದ್ದಲ್ಲೇ ಇತ್ತು. ಗಾಡಿಯಲ್ಲಿ ಹೋಗುವಾಗ ಪಕ್ಕದ ಬೇಲಿ ಓಡಿ, ದೂರದ ಗುಡ್ಡ ನಿಂತೇ ಇರುತ್ತದಲ್ಲ, ಹಾಗೆ. “ಏನೇ ಅದು, ಕತ್ತು ಉಳುಕಿದೆಯಾ?” ಎಂದಳು ದೊಡ್ಡಮ್ಮ. ಅಷ್ಟರಲ್ಲಿ ಹೊರಗೆ ಗಾಡಿಯ ಸದ್ದಾಯಿತು.

ಚಿಕ್ಕತಾಯಮ್ಮನ ತಮ್ಮ ತಿಮ್ಮರಾಯ ಗಾಡಿ ಹೊಡೆದುಕೊಂಡು ಬಂದಿದ್ದ. ಹಿಂದೆ ಚಾಪೆಯ ಮೇಲೆ ಓಬಳಯ್ಯ ಮಲಗಿದ್ದ. ಅವನ ಪಕ್ಕದಲ್ಲೇ ಅವಳ ಟ್ರಂಕು, ಮಡಕೆ, ಅಕ್ಕಿ ಡಬ್ಬಿ. ಓಬಳಯ್ಯನ ಕಣ್ಣು ಮಾತ್ರ ಓಡಾಡುತ್ತಿತ್ತು, ಹೆಂಡತಿಯ ಮುಖದಿಂದ ಬಾಗಿಲಿಗೆ, ಬಾಗಿಲಿಂದ ಹೆಂಡತಿಯ ಮುಖಕ್ಕೆ. “ಬೇಗ ನೋಡಿ ಕಳಿಸ್ರವ್ವ, ಬಿಸಿಲೇರ್ತದೆ. ಆ ಮಾರಾಯಂದು ಗಂಟು ಇದ್ರೆ ಕೊಡಿ, ಛತ್ರದಾಗೆ ಅವನ ತಲೆದೆಸೆಗೆ ಇಟ್ಟು ಹೋಗ್ತೀವಿ. ಎರಡನೇ ಹೆಂಡ್ರು ಬಂದು ಬಿಚ್ಚಿಕೊಳ್ಳಲಿ,” ಎಂದ ತಿಮ್ಮರಾಯ. “ಸುಮ್ಕಿರೋ,” ಎಂದಳು ಚಿಕ್ಕತಾಯಮ್ಮ, ಅವನ ಕಡೆ ನೋಡದೆ.

ಬಾಗಿಲು ದಾಟುವ ಗಂಟಾದ್ದರಿಂದ ಓಬಳಯ್ಯನದನ್ನೂ ಇನ್ನೊಮ್ಮೆ ಹಲಗೆಗೆ ಇಡಲೇಬೇಕಾಯಿತು. ನಾನು ಇಟ್ಟೆ. ಹಳೆಯ ದೀಪವೊಂದನ್ನೇ ಹಾಕಿದೆ. ದೊಡ್ಡಮ್ಮ ಬಗ್ಗಿದಳು. “ಮೊನ್ನೆದೇ. ಆರಿಸು,” ಎಂದಳು. ನಾನು ಆರಿಸಲಿಲ್ಲ. ಹಲಗೆಯ ಅಂಚಿಗೆ ಎರಡೂ ಕೈ ಕೊಟ್ಟು ತಳ್ಳಿದೆ.

“ಏಯ್! ಅಲುಗಿಸಬ್ಯಾಡ ಅಂದಿಲ್ವ? ಏನಾಗೈತೆ ನಿಂಗೆ?” ಅವಳು ಕೂಗಿದ್ದು ಹೊರಗಿನವರಿಗೂ ಕೇಳಿಸಿತು. ನಾನು ಬಿಡಲಿಲ್ಲ, ಮೆಲ್ಲಗೆ ತಳ್ಳುತ್ತಲೇ ಇದ್ದೆ. “ನೋಡು ದೊಡ್ಡಮ್ಮ,” ಎಂದೆ. ಅಷ್ಟೇ ಬಂತು. “ಉಂಗುರ ನೋಡು.”

ಗಾಜಿನಲ್ಲಿ ನೆರಳುಗಳು ಹೊರಟವು. ಎಲ್ಲವೂ ಒಂದೇ ವೇಗದಲ್ಲಿ ಹೊರಡಲಿಲ್ಲ. ತಳದಲ್ಲಿ ದೀಪಕ್ಕೆ ಹತ್ತಿರವಿದ್ದವು ಓಡಿದವು, ಗಾಜಿಗೆ ಹತ್ತಿರವಿದ್ದವು ಹಿಂದೆ ಬಿದ್ದವು. ಇಕ್ಕಳ ಓಡಿತು, ಅದರ ಜೊತೆ ದೊಡ್ಡ ಉಂಗುರ ಓಡಿತು. ಸಣ್ಣ ಉಂಗುರ ಸೋಮಾರಿಯಂತೆ ಹಿಂದೆಯೇ ಉಳಿದು, ದೊಡ್ಡದರ ಅಂಚನ್ನು ದಾಟಿ, ಪೂರ್ತಿ ಹೊರಗೆ ಬಂದು, ಕಡ್ಡಿಗಳ ನಡುವೆ ಒಂಟಿಯಾಗಿ ನಿಂತಿತು. ದೊಡ್ಡಮ್ಮನ ಬೈಗುಳ ಅರ್ಧಕ್ಕೇ ನಿಂತುಹೋಯಿತು. “ವಾಪಸ್ ತಾ,” ಎಂದಳು. ತಂದೆ. ಉಂಗುರಗಳು ಮತ್ತೆ ಒಂದರೊಳಗೊಂದು ಹೋದಂತೆ ಕೂತವು. “ತಳ್ಳು.” ತಳ್ಳಿದೆ. ಬಿಟ್ಟುಕೊಂಡವು. ಅವಳು ತನ್ನ ಒಂದು ಕಣ್ಣನ್ನು ಗಾಜಿಗೆ ತೀರ ಹತ್ತಿರ ತಂದು, ಉಸಿರು ಹಿಡಿದು, ಅದನ್ನೇ ನೋಡುತ್ತಿದ್ದಳು. ಆಮೇಲೆ ಕೈಯೆತ್ತಿ ತನ್ನ ಎಡ ರೆಪ್ಪೆಯನ್ನು ಮುಟ್ಟಿಕೊಂಡಳು. ಸಾಬರ ಪೆಟ್ಟಿಗೆಯತ್ತ ಒಮ್ಮೆ ನೋಡಿದಳು, ನನ್ನತ್ತ ಒಮ್ಮೆ. “ನಿಂಗೆ ಯಾವತ್ತು ಗೊತ್ತಾಯ್ತು?” ಎಂದಳು. ನಾನು ಸಾಬರ ಪೆಟ್ಟಿಗೆಯ ಕಡೆ ಬೆರಳು ತೋರಿಸಿದೆ. “ಬಾಯಿಲ್ಲದ ಮುಂಡೇದು,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ರಟ್ಟೆ ಹಿಡಿದು ಪರದೆ ಸರಿಸಿ ಹೊರಗೆ ಎಳೆದುಕೊಂಡು ಬಂದಳು.

ಬಿಸಿಲು ಕಣ್ಣಿಗೆ ಹೊಡೆಯಿತು. ಗಾಡಿಯ ಸುತ್ತ ಜನ ಸೇರಿದ್ದರು. “ತಾಯಿ, ನಾನು ಮೊನ್ನೆ ಹೇಳಿದ್ದು ತಪ್ಪು. ಅದು ಕೊಂಡಿ ಅಲ್ಲ,” ಎಂದಳು ದೊಡ್ಡಮ್ಮ, ಎಲ್ಲರಿಗೂ ಕೇಳುವ ಹಾಗೆ. ಗುಂಪಿನಲ್ಲಿ ಗುಜುಗುಜು ಎದ್ದಿತು. “ನಂಗೆ ಹಂಗೇ ಕಂಡಿತ್ತು. ನಂಗಿರೋದು ಒಂದು ಕಣ್ಣು, ಎಲ್ರಿಗೂ ಮರ್ತೋಗೈತೆ, ನಂಗೂ ಮರ್ತೋಗಿತ್ತು. ಇವಳು ಸರಿಯಾಗಿ ನೋಡವ್ಳೆ, ಇವಳನ್ನ ಕೇಳು.”

ತಿಮ್ಮರಾಯ ನಕ್ಕ. “ಇದನ್ನ ಕೇಳೋದಾ? ಇದು ಮಾತಾಡ್ತದಾ?”

ಚಿಕ್ಕತಾಯಮ್ಮ ನನ್ನ ಮುಂದೆ ಬಂದು ನಿಂತಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. “ಬೆಸೆದಿಲ್ವಾ?” ಎಂದಳು.

“ಇಲ್ಲ.”

“ಮುಟ್ಟಿಕೊಂಡಾದ್ರೂ ಅವಾ?”

“ಇಲ್ಲ. ದೊಡ್ದು ತಳದಲ್ಲೈತೆ. ಸಣ್ಣದು ಮೇಲೈತೆ, ಬಟ್ಟೆ ಮಡಿಕೆಲಿ.”

“ದೊಡ್ದು ಇವರ್ದೇ ಅನ್ನು. ಹಂಗಾದ್ರೆ ಆ ಸಣ್ಣದು ಯಾರ್ದು?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅದು ನಿನಗೇ ತಂದದ್ದಿರಬೇಕು ಎಂದು ಹೇಳಿಬಿಟ್ಟಿದ್ದರೆ ಎಲ್ಲರಿಗೂ ಹಿತವಾಗುತ್ತಿತ್ತು. ಆದರೆ ಅದು ಗಾಜಿನಲ್ಲಿ ಕಂಡಿರಲಿಲ್ಲ. “ಗೊತ್ತಿಲ್ಲ ಕಣಕ್ಕ. ಅದು ಕಾಣಲ್ಲ,” ಎಂದೆ.

“ಕಾಣಲ್ಲ ಅಂತೆ! ಹತ್ತು ಅಕ್ಕ ಗಾಡಿ,” ಎಂದ ತಿಮ್ಮರಾಯ. ಅವಳು ಅವನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. “ಎಷ್ಟು ದೂರ ಅವೆ? ಒಂದಕ್ಕೂ ಒಂದಕ್ಕೂ?” ಎಂದಳು.

ನಾನು ಎರಡು ಅಂಗೈಯನ್ನು ಒಂದರ ಮೇಲೊಂದು ಬರುವ ಹಾಗೆ ಹಿಡಿದು, ನಡುವೆ ಜಾಗ ಬಿಟ್ಟು ತೋರಿಸಿದೆ. ಗೇಣಿಗೆ ಸ್ವಲ್ಪ ಕಮ್ಮಿ. ಅವಳು ಆ ಜಾಗವನ್ನು ನೋಡಿದಳು. ಸಂತೆಯಲ್ಲಿ ಬಟ್ಟೆ ಹಿಡಿದು ನೋಡುವವರ ಹಾಗೆ, ಅವಸರವಿಲ್ಲದೆ. ಆಮೇಲೆ ತನ್ನ ಮುಷ್ಟಿಯನ್ನು ನನ್ನ ಎರಡು ಕೈಗಳ ನಡುವೆ ತೂರಿಸಿದಳು. ಮೇಲೂ ತಾಗಲಿಲ್ಲ, ಕೆಳಗೂ ತಾಗಲಿಲ್ಲ. ಇನ್ನೂ ಸ್ವಲ್ಪ ಜಾಗವಿತ್ತು.

“ಇಷ್ಟಿದ್ರೆ ಸಾಕು,” ಎಂದಳು.

ಗಾಡಿಯ ಹತ್ತಿರ ಹೋಗಿ ಗಂಡನ ತುಟಿಯ ಕೊನೆಯಲ್ಲಿ ಇಳಿದಿದ್ದ ಜೊಲ್ಲನ್ನು ಸೆರಗಿನಿಂದ ಒರೆಸಿದಳು. ಎರಡು ದಿನದಿಂದ ಯಾರೂ ಒರೆಸಿರಲಿಲ್ಲವೇನೋ, ಒಣಗಿದ್ದನ್ನು ಉಗುರಿನಿಂದ ಕೆರೆದು ತೆಗೆದಳು. “ಬಚಾವಾದೆ ಕಣಯ್ಯ. ಈಗ ತಪ್ಪಿಸ್ಕೊಂಡೆ ಅಂತ ಖುಷಿಪಡಬ್ಯಾಡ. ಮೊದಲು ನಾಲಗೆ ಸರಿ ಮಾಡ್ಕೋ, ಆಮೇಲೆ ಆ ಸಣ್ಣುಂಗುರ ಯಾರ್ದು ಅಂತ ನಂಗೆ ಬಾಯ್ಬಿಟ್ಟು ಹೇಳ್ಬೇಕು. ಹೇಳೋಗಂಟ ನಿನ್ನ ಸಾಯಾಕೆ ಬಿಡಲ್ಲ,” ಎಂದಳು. ಓಬಳಯ್ಯನ ಕಣ್ಣಲ್ಲಿ ನೀರು ತುಂಬಿ ಕಿವಿಯತ್ತ ಹರಿಯಿತು. ಅದನ್ನೂ ಒರೆಸಿದಳು. ತಮ್ಮನಿಗೆ, “ಗಾಡಿ ತಿರುಗ್ಸೋ,” ಎಂದಳು. ಅವನು ಏನೋ ಹೇಳಲು ಹೋದ. ಅವಳೇ ಎತ್ತಿನ ಮೂಗುದಾರ ಹಿಡಿದು ಊರ ಕಡೆ ತಿರುಗಿಸಿದಳು.

ಜನ ಚದುರಿದರು. ದೊಡ್ಡಮ್ಮ ಒಳಗೆ ಹೋಗಿ ಪೆಟ್ಟಿಗೆಯ ಮೇಲಿನ ಧೂಳನ್ನು ಹೊಡೆಯುತ್ತಿರುವುದು ಕೇಳಿಸುತ್ತಿತ್ತು. ನಾನು ಬಿಸಿಲಲ್ಲಿ ನಿಂತೇ ಇದ್ದೆ. ಕಾವಲಿನವನು ಹತ್ತಿರ ಬಂದು, “ಏನಮ್ಮ ಸಾಕಿ, ಅವರೆಲ್ಲ ಹೋದ್ರು. ಕೈ ಇಳಿಸು,” ಎಂದ. ಆಗ ನೋಡಿಕೊಂಡೆ. ಚಿಕ್ಕತಾಯಮ್ಮ ಮುಷ್ಟಿ ತೆಗೆದುಕೊಂಡು ಹೋಗಿದ್ದರೂ ನನ್ನ ಎರಡು ಅಂಗೈಗಳು ಹಾಗೆಯೇ, ಅಷ್ಟೇ ದೂರ ಬಿಟ್ಟುಕೊಂಡು ನಿಂತಿದ್ದವು.